ಬಾಗಿಲಿಗೆ ಹೇಳಿದ ಹೆಸರು

ಸುಳ್ಳು ಹೇಳುವುದರಲ್ಲಿ ನಾನು ಗಟ್ಟಿಗಿತ್ತಿ. ಜಂಬಕ್ಕೆ ಹೇಳುತ್ತಿಲ್ಲ. ನಮ್ಮೂರಿನಲ್ಲಿ ಈ ವಿದ್ಯೆ ಬಲ್ಲವರು ಕಡಿಮೆ, ಯಾಕೆಂದರೆ ಅದನ್ನು ಕಲಿಯುವುದಕ್ಕೆ ಜಾಗವೇ ಇಲ್ಲ. ಇಲ್ಲಿ ಮನೆಯಿಂದ ಹೊರಗೆ ಕಾಲಿಡುವ ಮೊದಲು ಎಲ್ಲಿಗೆ, ಯಾಕೆ ಎಂದು ಬಾಗಿಲಿಗೆ ಹೇಳಬೇಕು. ಹೇಳಿದ್ದು ನಿಜವಾದರೆ ಬಾಗಿಲು ತೆರೆಯುತ್ತದೆ. ಅಲ್ಲದಿದ್ದರೆ ಆನೆ ತಂದು ಗುದ್ದಿಸಿದರೂ ಅಲ್ಲಾಡುವುದಿಲ್ಲ. ಒಳಗೆ ಬರುವವರನ್ನು ಯಾವ ಬಾಗಿಲೂ ಏನೂ ಕೇಳುವುದಿಲ್ಲ. ಹೊರಗೆ ಹೋಗುವವರದ್ದೇ ತಾಪತ್ರಯ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಮ್ಮೂರಿನವರು ಆ ಸಾವಿರವನ್ನೂ ಹೆಣ್ಣಿನ ಮನೆಯ ಚಾಪೆಯ ಮೇಲೆ ಕೂತಿರುವಾಗಲೇ ಹೇಳಿ ಮುಗಿಸಬೇಕು. ಉಪ್ಪಿಟ್ಟು ತಿಂದು, ಮನೆಗೆ ಹೋಗಿ ತಿಳಿಸುತ್ತೇವೆ ಎಂದು ನಗುನಗುತ್ತಾ ಎದ್ದವರು ಬಾಗಿಲ ಹತ್ತಿರ ಮಾತ್ರ ‘ಹುಡುಗಿ ಒಪ್ಪಿಗೆಯಾಗ್ಲಿಲ್ಲ, ಹೋಗ್ತೀವಿ’ ಎಂದು ಹೇಳಿಯೇ ಹೋಗಬೇಕು. ಅದಕ್ಕಾಗಿಯೇ ನಮ್ಮಲ್ಲಿ ಒಂದು ಮರ್ಯಾದೆಯಿದೆ. ಒಬ್ಬರು ಬಾಗಿಲ ಹತ್ತಿರ ಹೋದರೆ ಉಳಿದವರೆಲ್ಲ ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾರೆ. ಬಾಗಿಲಿಗೆ ಹೇಳುವ ಮಾತು ಬಾಗಿಲಿಗೆ ಮಾತ್ರ ಕೇಳಬೇಕು. ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತಿಗೆ ಬೀದಿಯಲ್ಲಿ ನಡೆದರೆ ಎರಡೂ ಕಡೆಯ ಮನೆಗಳಲ್ಲಿ ಸೌಟು, ತಟ್ಟೆ, ಕೊಳಗಗಳ ಸದ್ದು ಕೇಳುತ್ತದೆ. ಹೊರಗಿನವರು ನಮ್ಮನ್ನು ಬಹಳ ಅಡುಗೆ ಮಾಡುವ ಜನ ಎಂದುಕೊಳ್ಳುತ್ತಾರೆ.

ಆಸ್ಪತ್ರೆಗೆ ಮಾತ್ರ ಬಾಗಿಲುಗಳಿಲ್ಲ. ಕಟ್ಟಿಸಿದವರು ಬುದ್ಧಿವಂತರು. ನೋವಿನಲ್ಲಿರುವವರನ್ನು ನಿಲ್ಲಿಸಿಕೊಂಡು ಯಾಕೆ, ಎಲ್ಲಿಗೆ ಎಂದು ಕೇಳಬಾರದೆಂದು ಎಲ್ಲ ಕಡೆ ಹಸಿರು ಪರದೆ ಬಿಟ್ಟರು. ಆ ಪರದೆಗಳ ಹಿಂದೆ ನಾನು, ಅಂದರೆ ಸಿಸ್ಟರ್ ಲೂರ್ದಮ್ಮ, ಮೂವತ್ತೊಂದು ವರ್ಷ ಸುಳ್ಳು ಹೇಳಿದೆ.

ನನ್ನದು ಆರು ಮಂಚದ ವಾರ್ಡು. ಕ್ಯಾನ್ಸರ್ ಇರುವವರು ಬೆಳಿಗ್ಗೆ ಬಂದು ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುತ್ತಾರೆ. ಮೂರು ವಾರಕ್ಕೊಮ್ಮೆ ಮತ್ತೆ ಬರುತ್ತಾರೆ. ಮೊದಲ ದಿನವೇ ಎಷ್ಟೋ ಮನೆಯವರು ನನ್ನನ್ನು ಮೂಲೆಗೆ ಕರೆದು, ‘ಸಿಸ್ಟರಮ್ಮ, ಹೆಸರು ಮಾತ್ರ ಹೇಳ್ಬೇಡಿ, ತಡ್ಕೊಳ್ಳಲ್ಲ’ ಎಂದು ಕೈಮುಗಿಯುತ್ತಾರೆ. ನಾನು ಹೇಳುತ್ತಿರಲಿಲ್ಲ. ಒಬ್ಬರಿಗೆ ರಕ್ತ ಕಡಿಮೆ ಎಂದೆ, ಇನ್ನೊಬ್ಬರಿಗೆ ಹಳೆಯ ಹುಣ್ಣು ಎಂದೆ. ಕೂದಲು ಯಾಕೆ ಉದುರುತ್ತಿದೆ ಎಂದರೆ ಉಷ್ಣ ಎಂದೆ. ಉಷ್ಣ ಎಂದರೆ ನಮ್ಮ ಜನ ಮುಂದೆ ಪ್ರಶ್ನೆ ಕೇಳುವುದಿಲ್ಲ, ಮಜ್ಜಿಗೆ ಕುಡಿಯುತ್ತಾರೆ. ಡಾಕ್ಟರ್ ಮೆಹರುನ್ನೀಸಾ ಬೇರೆ ಊರಿನಿಂದ ಬಂದವರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ‘ಅವರ ಮೈ, ಅವರ ಕಾಯಿಲೆ. ಅವರಿಗೇ ಗೊತ್ತಿಲ್ಲ ಅಂದ್ರೆ ಹೇಗೆ ಸಿಸ್ಟರ್?’ ಎಂದು ಮೊದಮೊದಲು ವಾದಿಸಿದರು. ‘ನಿಮ್ಮೂರಲ್ಲಿ ಹೇಗೋ ಏನೋ ಡಾಕ್ಟರಮ್ಮ, ನಮ್ಮ ಜನ ಹೆಸರು ಕೇಳಿದ್ರೇ ಅರ್ಧ ಸಾಯ್ತಾರೆ’ ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಸರ್ವೀಸು ಜಾಸ್ತಿಯಾದವರು ಮಾಡುವ ಅನ್ಯಾಯಗಳಲ್ಲಿ ಇದೂ ಒಂದು.

ಹೀಗೆ ನಾನು ಸುಳ್ಳು ಹೇಳಿದವರಲ್ಲಿ ಸಾವಂತ್ರಮ್ಮನೂ ಒಬ್ಬಳು. ಖಾರದಪುಡಿ ಮಿಲ್ಲಿನ ಸಾವಂತ್ರಮ್ಮ ಎಂದರೆ ಊರಿಗೆಲ್ಲ ಗೊತ್ತು. ಐವತ್ತೆರಡು ವರ್ಷ, ಗಟ್ಟಿ ಆಳು, ಗಂಡ, ಡಾಕ್ಟರು ಬಿಟ್ಟರೆ ಎಲ್ಲರನ್ನೂ ಏಕವಚನದಲ್ಲಿ ಮಾತಾಡಿಸುವ ಬಾಯಿ. ಮಿಲ್ಲಿನ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ಬಾಗಿಲಿಗೆ ಹೇಳುವುದನ್ನೂ ಕೂಗಿಯೇ ಹೇಳುತ್ತಿದ್ದಳು. ‘ನನ್ನ ಬಾಯಲ್ಲಿ ಮುಚ್ಚಿಡೋವಂಥದ್ದು ಏನೂ ಇಲ್ಲ, ನೀವು ಪಾತ್ರೆ ಬಡೀಬೇಡಿ, ಸೊಟ್ಟಗಾಗ್ತವೆ’ ಎಂದು ಮನೆಯವರನ್ನೇ ಗದರುತ್ತಿದ್ದಳಂತೆ. ಅವಳ ಎಡಗಡೆಯ ಎದೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಇತ್ತು. ಆರು ಡ್ರಿಪ್ಪು ಹಾಕಿ ಅದನ್ನು ಕರಗಿಸಿ, ಆಮೇಲೆ ಆಪರೇಷನ್ ಎಂದು ಡಾಕ್ಟರು ಗೊತ್ತು ಮಾಡಿದರು. ಗಂಡ ರುದ್ರಯ್ಯ, ಮಾತು ಕಡಿಮೆಯ ಮನುಷ್ಯ, ಆ ಮನೆಯವರ ಹಾಗೆಯೇ ನನ್ನನ್ನು ಮೂಲೆಗೆ ಕರೆದು ಕೈಮುಗಿದ. ನಾನು ಅವಳಿಗೆ, ‘ಇದು ಕೊಬ್ಬಿನ ಗಡ್ಡೆ ಕಣಮ್ಮ, ಕರಗ್ಸೋಕೆ ಡ್ರಿಪ್ಪು’ ಎಂದೆ.

ಎರಡನೆಯ ಡ್ರಿಪ್ಪಿನ ದಿನ ಅವಳು ನನ್ನ ಕೈ ಹಿಡಿದುಕೊಂಡು ನೇರವಾಗಿ ಕೇಳಿದಳು. ‘ನಿಜ ಹೇಳು ಸಿಸ್ಟರಮ್ಮ. ಬರೀ ಕೊಬ್ಬಿಗೆ ತಲೆ ಬೋಳಾಗುತ್ತಾ? ನಿನ್ನ ದೇವರಾಣೆ ಮಾಡಿ ಹೇಳು.’ ನಾನು ಜಪಮಾಲೆ ಇಟ್ಟುಕೊಳ್ಳುವ ಜೇಬನ್ನು ಮುಟ್ಟಿ, ಕೊಬ್ಬೇ ಎಂದೆ. ಆ ದಿನ ಜಪಮಾಲೆ ಮನೆಯಲ್ಲಿತ್ತು, ಜೇಬಿನಲ್ಲಿ ಹತ್ತಿಯ ಉಂಡೆ ಮಾತ್ರ ಇತ್ತು. ಅಷ್ಟರ ಮಟ್ಟಿಗೆ ದೇವರು ರಿಯಾಯಿತಿ ಕೊಡುತ್ತಾನೆ ಎಂದುಕೊಂಡೆ. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು, ಏನೂ ಮಾತಾಡಲಿಲ್ಲ. ಸಾವಂತ್ರಮ್ಮ ನನ್ನ ಕೈ ಬಿಟ್ಟು, ‘ಸರಿ ಬಿಡು’ ಎಂದಳು. ಆಮೇಲೆ ಅವಳು ಆ ಮಾತು ಎತ್ತಲೇ ಇಲ್ಲ. ಒಮ್ಮೆ ನಂಬಿದರೆ ಪೂರ್ತಿ ನಂಬುವ ಹೆಂಗಸು.

ನಾಲ್ಕನೆಯ ಡ್ರಿಪ್ಪಿನ ಹೊತ್ತಿಗೆ ನಿಂಬೆಹಣ್ಣು ಕಡಲೆಕಾಯಿಯಷ್ಟಾಗಿತ್ತು. ಅದಾದ ವಾರಕ್ಕೆ, ಲೋಕವನ್ನೆಲ್ಲ ಸುತ್ತುತ್ತಿದ್ದ ಆ ಜ್ವರ ನಮ್ಮೂರಿಗೂ ಬಂತು.

ಜ್ವರ, ಕೆಮ್ಮು, ಉಸಿರಾಟದ ಕಷ್ಟ, ಅದರ ಕಥೆ ಎಲ್ಲರಿಗೂ ಗೊತ್ತಿರುವುದೇ. ನಮ್ಮಲ್ಲಿ ಬೇರೆಯಾಗಿದ್ದದ್ದು ಬಾಗಿಲುಗಳ ವರಸೆ. ಒಂದು ಸೋಮವಾರ ಬೆಳಿಗ್ಗೆ ನೋಡಿದರೆ, ನಿಜ ಹೇಳಿದರೂ ಅವು ತೆರೆಯಲಿಲ್ಲ. ‘ಕಟ್ಟೆ ಮೇಲೆ ಕೂತು ಮಾತಾಡೋಕೆ ಹೋಗ್ತೀನಿ’ ಎಂಬುದು ನಿಜವೇ, ಆದರೆ ಸಾಲದು. ‘ಸುಮ್ಮನೆ ಹೋಗಿ ಬರ್ತೀನಿ’ ಎಂಬುದಕ್ಕೂ ಬೆಲೆಯಿಲ್ಲ. ಹಾಲು ತರುವುದು, ಹೆಣ ಹೊರುವುದು, ಹೆರಿಗೆ, ಇಂಥವಕ್ಕೆ ತೆರೆಯುತ್ತಿದ್ದವು. ಮೊದಲಿನ ಹಾಗೆ ಆಸ್ಪತ್ರೆಗೆ, ಡ್ರಿಪ್ಪಿಗೆ ಎಂದರೆ ಸಾಲದು, ಯಾವ ಕಾಯಿಲೆಗೆ ಎಂದು ಬಿಡಿಸಿ ಹೇಳಬೇಕು. ಜನ ಒಂದು ವಾರ ಬೈದರು, ಆಮೇಲೆ ಹೊಂದಿಕೊಂಡರು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ‘ಇನ್ನು ಐದು ನಿಮಿಷ ಒಳಗಿದ್ರೆ ಹೆಂಡತಿ ಜೊತೆ ಕೈಕೈ ಮಿಲಾಯಿಸ್ತೀನಿ’ ಎಂದರೆ ಬಾಗಿಲು ಗೇಣಗಲ ತೆರೆಯುತ್ತದೆಂದು ಕಂಡುಹಿಡಿದು, ಆ ಸಂದಿಯಲ್ಲಿ ಮೂಗು ಇಟ್ಟುಕೊಂಡು ಗಾಳಿ ಕುಡಿಯುತ್ತಿದ್ದರು.

ನನ್ನ ಬಾಗಿಲು ನನ್ನನ್ನು ತಡೆಯಲಿಲ್ಲ. ಡ್ಯೂಟಿ ಎಂದರೆ ಸಾಕಿತ್ತು. ಮುಖಕ್ಕೆ ಎರಡು ಮಾಸ್ಕು, ಮೈಮೇಲೆ ಪ್ಲಾಸ್ಟಿಕ್ ಗೌನು, ಒಳಗೆ ಬೆವರಿನ ಕಾಲುವೆ. ಮಂಚಗಳನ್ನು ದೂರ ದೂರ ಎಳೆದು ಆರರ ಜಾಗದಲ್ಲಿ ಮೂರು ಮಾಡಿದೆವು. ಆದರೆ ಮಲಗಲು ಜನ ಬರಬೇಕಲ್ಲ! ನಮ್ಮ ವಾರ್ಡಿಗೆ ಆಗ ಇಪ್ಪತ್ತೆರಡು ಜನ ಬರುತ್ತಿದ್ದರು. ಅವರಲ್ಲಿ ಹದಿಮೂರು ಮಂದಿಗೆ ತಮ್ಮ ಕಾಯಿಲೆಯ ಹೆಸರು ಗೊತ್ತಿತ್ತು. ಅವರು ಬಾಗಿಲ ಮುಂದೆ ನಿಂತು ಹೇಳಿದರು, ಬಾಗಿಲು ಒಂದು ಮಾತೂ ಎದುರಾಡದೆ ತೆರೆಯಿತು, ಬಂದರು. ಉಳಿದ ಒಂಬತ್ತು ಮಂದಿ ಬರಲಿಲ್ಲ. ಡಾಕ್ಟರು ರಿಜಿಸ್ಟರ್ ತೆರೆದು ಆ ಒಂಬತ್ತು ಹೆಸರುಗಳ ಕೆಳಗೆ ಪೆನ್ಸಿಲ್ ಗೆರೆ ಎಳೆದರು. ನನ್ನ ಮುಖ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೇ ‘ಎಲ್ಲ ನಾನು ಸುಳ್ಳು ಹೇಳಿದವರೇ’ ಎಂದೆ.

ಸಾವಂತ್ರಮ್ಮನ ಐದನೆಯ ಡ್ರಿಪ್ಪಿನ ದಿನ ಕಳೆದು ಹದಿನೆಂಟು ದಿನವಾಗಿತ್ತು. ರುದ್ರಯ್ಯ ಆಸ್ಪತ್ರೆಗೆ ಬಂದ. ‘ಹೆಂಡತಿ ಚಿಕಿತ್ಸೆ ನಿಂತೋಗಿದೆ, ದಾರಿ ಕೇಳೋಕೆ ಹೋಗ್ತೀನಿ’ ಎಂದನಂತೆ, ಬಾಗಿಲು ಬಿಟ್ಟಿತು. ಪರದೆಯ ಆಚೆಯೇ ನಿಂತು ಹೇಳಿದ.

‘ಅವಳು ದಿನಾ ಬೆಳಿಗ್ಗೆ ಸೀರೆ ಉಟ್ಕೊಂಡು ನಿಂತ್ಕೋತಾಳೆ ಸಿಸ್ಟರಮ್ಮ. ಎದೇಲಿ ಕೊಬ್ಬಿನ ಗಡ್ಡೆ ಇದೆ, ಕರಗ್ಸೋ ಡ್ರಿಪ್ಪಿಗೆ ಹೋಗ್ತೀನಿ ಅಂತಾಳೆ. ತೆಗೆಯಲ್ಲ. ನಾನು ಒಂದಿನ ಅವಳಿಗೆ ಗೊತ್ತಾಗದಂಗೆ ಬಾಗಿಲ ಮರಕ್ಕೆ ಬಾಯಿಟ್ಟು ನಿಜ ಹೇಳ್ದೆ. ನನಗೆ ತೆಗೀತು. ಅವಳು ಹೊಸ್ತಿಲ ಹತ್ರ ಬಂದ ತಕ್ಷಣ ಮುಖದ ಮೇಲೆ ಹಾಕ್ಕೊಂತು. ಬಡಗಿನ ಕರ್ಕೊಂಡು ಬಂದೆ, ಬಾಗಿಲನ್ನೇ ಕಿತ್ತುಬಿಡು ಅಂತ. ಅವನು ಹೆದರಿ ಉಳಿ ಮುಟ್ಟಲೇ ಇಲ್ಲ. ಆ ಔಷಧಿ ಮನೆಗೇ ತಂದು ಹಾಕ್ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ.’

ನಾನು ಆಸೆಯಿಂದ ಡಾಕ್ಟರ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಡ್ರಿಪ್ಪಿನ ಆ ಕೆಂಪು ಔಷಧಿ ನರದಿಂದ ಒಂದು ತೊಟ್ಟು ಆಚೆ ಹೋದರೂ ಮಾಂಸ ಸುಡುತ್ತದೆ. ಮೈಗೆ ಒಗ್ಗದೆ ಉಸಿರು ಕಟ್ಟಿದರೆ ಆಕ್ಸಿಜನ್ ಬೇಕು. ಮನೆಯಲ್ಲಿ ಹಾಕುವುದಲ್ಲ. ‘ಇನ್ನೂ ತಡವಾದ್ರೆ ಗಂಟು ಮತ್ತೆ ಬೆಳೆಯುತ್ತೆ ರುದ್ರಯ್ಯನವರೇ. ಆಗ ಈ ಔಷಧಿಗೆ ಬಗ್ಗುತ್ತೆ ಅಂತ ನಾನು ಹೇಳೋಕಾಗಲ್ಲ. ಅವರಿಗೆ ಹೇಳಿಬಿಡಿ’ ಎಂದರು.

ರುದ್ರಯ್ಯನ ಕಣ್ಣು ತುಂಬಿತು. ‘ಹೇಳಿದ್ರೆ ಉಳಿಯಲ್ಲ ಡಾಕ್ಟರಮ್ಮ. ಅವಳ ಅಕ್ಕನಿಗೂ ಇದೇ ಬಂದಿತ್ತು. ಹೆಸರು ಹೇಳಿದ ದಿನ ಊಟ ಬಿಟ್ಟಳು. ಒಂಬತ್ತನೇ ದಿನಕ್ಕೆ ಹೋದಳು. ಬಿಸಿ ತುಪ್ಪ ಬಾಯಲ್ಲಿ ಇಟ್ಕೊಂಡಂಗಾಗಿದೆ ನನಗೆ, ನುಂಗೋಕೂ ಇಲ್ಲ ಉಗುಳೋಕೂ ಇಲ್ಲ.’ ಅವನು ಹಾಗೆಯೇ ಗೋಡೆ ಹಿಡಿದುಕೊಂಡು ಹೊರಟ. ನನಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಅವನ ಕೈಗೆ ಈ ತುಪ್ಪ ಕಾಯಿಸಿ ಕೊಟ್ಟವಳು ನಾನೇ.

ಮರುದಿನ ಡ್ಯೂಟಿ ಮುಗಿಸಿ, ಸ್ನಾನ ಮಾಡಿ, ಹೊಸ ಮಾಸ್ಕು ಕಟ್ಟಿಕೊಂಡು ಸಾವಂತ್ರಮ್ಮನ ಮನೆಗೆ ಹೋದೆ. ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಇನ್ನೊಂದು ಒಳ್ಳೆಯ ಸುಳ್ಳು ಹೊಳೆಯಬಹುದೆಂಬ ಆಸೆ ಇತ್ತು ಎಂದರೂ ತಪ್ಪಲ್ಲ.

ಮನೆಯೊಳಗೆ ಎಲ್ಲ ಕಿಟಕಿ ತೆರೆದಿದ್ದವು. ಮಿಲ್ಲು ನಿಂತು ತಿಂಗಳಾಗಿದ್ದರೂ ಮೆಣಸಿನಕಾಯಿಯ ಘಾಟು ಗೋಡೆಗಳಲ್ಲಿತ್ತು. ರುದ್ರಯ್ಯ ನನ್ನನ್ನು ನೋಡಿ ಎದ್ದು ನಿಂತ. ಸಾವಂತ್ರಮ್ಮ ಬಾಗಿಲ ಒಳಬದಿಯಲ್ಲಿ ನೆಲದ ಮೇಲೆ ಕೂತಿದ್ದಳು. ಹೊಸ್ತಿಲಿಗೆ ಅರಿಶಿನ ಬಳಿದು ಎರಡು ಸಾಲು ರಂಗೋಲಿ ಹಾಕಿದ್ದಳು. ಬಾಗಿಲ ಕೀಲುಗಳಿಂದ ಹರಳೆಣ್ಣೆ ಇಳಿಯುತ್ತಿತ್ತು. ಅವಳು ಬಹಳ ಇಳಿದುಹೋಗಿದ್ದಳು. ನಾನು ದೂರದಲ್ಲಿ ಗೋಡೆಗೆ ಒರಗಿ ಕೂತೆ.

‘ಬಂದ್ಯಾ ಸಿಸ್ಟರಮ್ಮ’ ಎಂದಳು. ಕೂಗಿ ಹೇಳುವ ಬಾಯಿಯಿಂದ ಪಿಸುಮಾತು ಬಂದದ್ದು ನೋಡಿ ನನಗೆ ಗಾಬರಿಯಾಯಿತು. ‘ನೀನು ಓದ್ದೋಳು. ನನ್ನ ಬಾಯಲ್ಲಿ ಎಲ್ಲಿ ಸುಳ್ಳು ಸೇರ್ಕೊಂಡಿದೆ ಹೇಳು. ಈ ಬಾಗಿಲ ಹಿಂದೆ ಮೂವತ್ತು ವರ್ಷ ಬಾಳಿದ್ದೀನಿ. ಒಂದು ದಿನಾನೂ ಇದು ನನ್ನ ತಡೆದಿಲ್ಲ. ಮೊದಲು ಡ್ರಿಪ್ಪಿಗೆ ಅಂದ್ರೆ ಸಾಕಿತ್ತು, ಈಗ ಗಡ್ಡೆ ವಿಷ್ಯ ನೂರು ಸಲ ಬಿಡಿಸಿ ಹೇಳಿದ್ರೂ ತೆಗೆಯಲ್ಲ.’

‘ಇದು ಜ್ವರದ ಕಾಲ ಸಾವಂತ್ರಮ್ಮ, ಎಲ್ಲರ ಬಾಗಿಲೂ...’

‘ಎಲ್ಲರ ಬಾಗಿಲೂ ಆಸ್ಪತ್ರೆಗೆ ತೆಗೀತವೆ. ಎದುರುಮನೆ ಸಣ್ಣಮ್ಮ ಮಂಡಿನೋವು ಅಂದ್ರೂ ತೆಗೀತು. ನಂದೇ ತೆಗೆಯಲ್ಲ ಅಂದ್ರೆ ನನ್ನಲ್ಲೇ ಏನೋ ಇದೆ.’ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ‘ನನ್ನ ಜನ್ಮದಲ್ಲಿ ಮಾಡಿದ ತಪ್ಪೆಲ್ಲ ಹುಡುಕಿ ಹುಡುಕಿ ಇದಕ್ಕೆ ಹೇಳಿದೆ. ಒಂದ್ಸಲ ಖಾರದಪುಡಿಗೆ ಉಪ್ಪು ಜಾಸ್ತಿ ಬೆರೆಸಿ ತೂಕ ಮಾಡಿದ್ದೆ, ಹೇಳಿದೆ. ನಾದಿನಿ ಮದುವೆಗೆ ಹಳೇ ಸೀರೆಗೆ ಇಸ್ತ್ರಿ ಹಾಕಿ ಹೊಸದು ಅಂತ ಕೊಟ್ಟಿದ್ದೆ, ಹೇಳಿದೆ. ಅತ್ತೆ ಸತ್ತಾಗ ಅಳು ಬಂದಿರ್ಲಿಲ್ಲ, ಈರುಳ್ಳಿ ಹಚ್ಚಿದ ಕೈ ಕಣ್ಣಿಗೆ ಒತ್ಕೊಂಡಿದ್ದೆ, ಅದನ್ನೂ ಹೇಳಿದೆ. ಇನ್ನೇನು ಉಳಿದಿದೆಯೋ ನೆನಪಾಗ್ತಿಲ್ಲ. ಊಟ ಸೇರ್ತಿಲ್ಲ ಸಿಸ್ಟರಮ್ಮ. ಗಡ್ಡೆ ಹಾಳಾಗಿ ಹೋಗಲಿ. ಸುಳ್ಳಿ ಅನ್ನಿಸ್ಕೊಂಡು ಸಾಯೋದು ಹೇಗೆ?’

ಇವಳು ಇಳಿದುಹೋಗಿದ್ದು ಕಾಯಿಲೆಯಿಂದಲ್ಲ, ನನ್ನ ಸುಳ್ಳನ್ನು ತನ್ನದೆಂದು ಹೊತ್ತುಕೊಂಡು. ಮೂವತ್ತೊಂದು ವರ್ಷದಲ್ಲಿ ನಾನು ಸೂಜಿ ತಪ್ಪಾಗಿ ಚುಚ್ಚಿದ್ದೇನೆ, ಒಮ್ಮೆ ಒಬ್ಬರ ಬಾಟಲಿಯನ್ನು ಇನ್ನೊಬ್ಬರಿಗೆ ಹಾಕಹೋಗಿ ಕೊನೆಯ ಗಳಿಗೆಯಲ್ಲಿ ಎಚ್ಚೆತ್ತಿದ್ದೇನೆ. ಯಾವತ್ತೂ ಇಷ್ಟು ನಾಚಿಕೆಯಾಗಿರಲಿಲ್ಲ.

‘ಸಾವಂತ್ರಮ್ಮ, ನಾನೊಂದು ಮಾತು ಹೇಳ್ಬೇಕು’ ಎಂದೆ. ರುದ್ರಯ್ಯ ನನ್ನ ಮುಖ ನೋಡಿದ. ಬೇಡ ಎಂದು ಕೈಸನ್ನೆ ಮಾಡಿದ. ನಾನು ಕಣ್ಣು ತಪ್ಪಿಸಲಿಲ್ಲ. ಅವನು ಏನು ಮಾಡಬೇಕೆಂದು ತೋಚದೆ ಅಡುಗೆಮನೆಗೆ ಓಡಿದ. ಒಳಗಿನಿಂದ ಕೊಳಗ, ಬಾಣಲೆ, ತಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುವ ಸದ್ದು ಬಂತು. ಅಷ್ಟು ಜೋರಾಗಿ ಯಾರೂ ಬಡಿದದ್ದನ್ನು ನಾನು ಕೇಳಿಲ್ಲ. ಆ ಸದ್ದಿನ ಮೇಲೆ ಕೇಳಿಸಬೇಕಾಗಿ, ಪಿಸುಗುಟ್ಟಬೇಕೆಂದಿದ್ದ ಮಾತನ್ನು ನಾನು ಕೂಗಿ ಹೇಳಿದೆ.

‘ನಿನ್ನ ಎದೇಲಿರೋದು ಕೊಬ್ಬಲ್ಲ. ಕ್ಯಾನ್ಸರ್. ನಿನಗೆ ಗೊತ್ತಾಗ್ಬಾರ್ದು ಅಂತ ನಾನೇ ಸುಳ್ಳು ಹೇಳ್ದೆ. ಆಣೆ ಮಾಡಿ ಹೇಳ್ದೆ.’

ಅವಳು ಅಲ್ಲಾಡಲಿಲ್ಲ. ರುದ್ರಯ್ಯ ಬಡಿಯುತ್ತಲೇ ಇದ್ದ. ನಾನು ಅವಳ ನಾಡಿ ಹಿಡಿಯಲೆಂದು ಅರ್ಧ ಎದ್ದೆ. ಅವಳು ಕೈ ಅಡ್ಡ ಮಾಡಿದಳು.

‘ಹಂಗಾದ್ರೆ’ ಎಂದಳು, ‘ನಾನು ಸುಳ್ಳು ಹೇಳಿಲ್ಲ?’

‘ಇಲ್ಲಮ್ಮ.’

‘ನಾನು ಹೇಳಿದ್ದು ನಿನ್ನ ಸುಳ್ಳು.’

‘ಹೂಂ.’

ಅವಳು ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಉಸಿರು ಅದು. ಭುಜಗಳು ಇಳಿದವು. ಆಮೇಲೆ ಮುಖ ಕೆಂಪಾಯಿತು, ಮಿಲ್ಲಿನ ಗಂಟಲು ವಾಪಸು ಬಂತು. ‘ಥೂ ನಿನ್ನ! ಹತ್ತಿರ ಬಂದಿದ್ರೆ ಕೆನ್ನೆಗೆ ಕೊಡ್ತಿದ್ದೆ. ಇಪ್ಪತ್ತು ದಿನ ಈ ಮರದ ಹಲಗೆ ಮುಂದೆ ಕಳ್ಳಿ ಥರ ನಿಲ್ಲಿಸಿದೆಯಲ್ಲೇ! ಈರುಳ್ಳಿ ವಿಷ್ಯ ಯಾರಿಗೂ ಗೊತ್ತಿರ್ಲಿಲ್ಲ, ಅದನ್ನೂ ಬಾಯಿಬಿಡಿಸಿದೆ! ರೀ, ಆ ಬಡಿಯೋದು ನಿಲ್ಸ್ರೀ, ಪಾತ್ರೆ ಸೊಟ್ಟಗಾಗ್ತವೆ!’

ರುದ್ರಯ್ಯ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ಅಡುಗೆಮನೆಯ ಬಾಯಲ್ಲಿ ನಿಂತ. ‘ನಿನ್ನಕ್ಕ ಹೆಸರು ಕೇಳಿ...’ ಎಂದು ತೊದಲಿದ.

‘ನಮ್ಮಕ್ಕ ಹೆಸರು ಕೇಳಿ ಸಾಯ್ಲಿಲ್ಲ’ ಎಂದಳು ಸಾವಂತ್ರಮ್ಮ. ‘ಒಂಬತ್ತು ದಿನ ಉಳಿದಿದೆ ಅನ್ನುವಾಗ ಹೇಳಿದ್ರು. ಅಲ್ಲೀತನಕ ವಾಯು ಅಂತ ಜೀರಿಗೆ ಕಷಾಯ ಕುಡಿಸಿದ್ರು. ಅವಳ ತಲೆದೆಸೆಯಲ್ಲಿ ನಾನು ಕೂತಿದ್ದೆ. ಮೊದಲೇ ಯಾಕೆ ಹೇಳಲಿಲ್ಲ ಸಾವಂತ್ರಿ ಅಂದ್ಲು. ಊಟ ಬಿಟ್ಟಿದ್ದು ಹೆಸರಿಗಲ್ಲ ರೀ, ಸಿಟ್ಟಿಗೆ.’ ಹೇಳುತ್ತಾ ಅವಳಿಗೆ ಅಳು ಬಂತು. ಅಕ್ಕನಿಗಾಗಿಯೋ ತನಗಾಗಿಯೋ ನನಗೆ ತಿಳಿಯಲಿಲ್ಲ. ಜೋರಾಗಿ ಅತ್ತಳು. ಅತ್ತು ಮುಗಿದ ಮೇಲೆ ಗಂಜಿ ಇದೆಯೇ ಎಂದು ಕೇಳಿದಳು. ಎರಡು ಲೋಟ ಕುಡಿದಳು.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ನಾನು ಅವಳ ಮನೆಯ ಎದುರಿನ ಬೀದಿಯಲ್ಲಿ ನಿಂತಿದ್ದೆ. ಒಳಗಿನಿಂದ ಅವಳ ದನಿ ಇಡೀ ಬೀದಿಗೆ ಕೇಳಿತು. ‘ನನಗೆ ಎದೆ ಕ್ಯಾನ್ಸರ್ ಇದೆ. ಎರಡು ಡ್ರಿಪ್ಪು ಬಾಕಿ. ಹಾಕಿಸ್ಕೊಳ್ಳೋಕೆ ಹೋಗ್ತಿದ್ದೀನಿ.’ ಬಾಗಿಲು ತೆರೆಯಿತು. ತಲೆಗೆ ಹಸಿರು ಟವೆಲ್ಲು ಸುತ್ತಿಕೊಂಡು, ಮೂಗಿನ ಮೇಲೆ ಮಾಸ್ಕು ಏರಿಸಿಕೊಂಡು ಸಾವಂತ್ರಮ್ಮ ಹೊರಗೆ ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಳು. ಎದುರುಮನೆಯ ಸಣ್ಣಮ್ಮ ಕಿಟಕಿಯಲ್ಲಿ ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ‘ಏನ್ ನೋಡ್ತೀಯ, ಮಂಡಿ ಹೇಗಿದೆ?’ ಎಂದು ಇವಳೇ ಕೇಳಿದಳು.

ಹಿಂದೆ ಬಾಗಿಲು ಮುಚ್ಚಿಕೊಂಡಿತು. ರುದ್ರಯ್ಯ ಒಳಗೇ ಉಳಿದಿದ್ದ. ಇಷ್ಟು ದಿನ ಮರಕ್ಕೆ ಬಾಯಿಟ್ಟು ಪಿಸುಗುಡುತ್ತಿದ್ದ ಮನುಷ್ಯ ಅಂದು ನಮಗೂ ಕೇಳುವಂತೆ ಹೇಳಿದ. ‘ಅವಳ ಜೊತೆ ಹೋಗ್ತೀನಿ. ಒಬ್ಬನೇ ಮನೇಲಿರೋಕೆ ನನಗೆ ಭಯ.’ ಬಾಗಿಲು ತೆರೆಯಿತು. ಸಾವಂತ್ರಮ್ಮ ಅವನ ಕೈಗೆ ನೀರಿನ ಬಾಟಲಿ ಕೊಟ್ಟು, ‘ಬನ್ನಿ’ ಎಂದಳು.

ಆ ವಾರ ನಾನು ಉಳಿದ ಎಂಟು ಮನೆಗಳಿಗೂ ಹೋದೆ. ಇಬ್ಬರು ಬೈದರು. ಒಬ್ಬಾಕೆ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಬಂದಳು. ಮುದುಕರೊಬ್ಬರು ನಾನು ಬಾಯಿ ತೆರೆಯುವ ಮೊದಲೇ ಕಿವಿ ಮುಚ್ಚಿಕೊಂಡು, ‘ನನಗೆ ದೊಡ್ಡದೇನೋ ಇದೆ ಅಂತ ಗೊತ್ತು. ಹೆಸರು ಮಾತ್ರ ಬೇಡ ತಾಯಿ’ ಎಂದರು. ಬಾಗಿಲಿಗೂ ಅದನ್ನೇ ಹೇಳಿದರು. ತೆರೆಯಿತು. ನನಗಿಂತ ಆ ಹಲಗೆಗೆ ಹೆಚ್ಚು ಬುದ್ಧಿ ಇದೆ ಎಂದು ಅಂದು ಒಪ್ಪಿಕೊಂಡೆ. ಯಾರೂ ಹೆಸರು ಕೇಳಿ ಸಾಯಲಿಲ್ಲ. ವಾರ್ಡಿನ ಮೂರು ಮಂಚಗಳೂ ಬೆಳಿಗ್ಗೆಯಿಂದ ಸಂಜೆಯವರೆಗೆ ತುಂಬಿರುತ್ತಿದ್ದವು. ಡಾಕ್ಟರು ಪೆನ್ಸಿಲ್ ಗೆರೆಗಳನ್ನು ಒಂದೊಂದಾಗಿ ರಬ್ಬರಿನಿಂದ ಉಜ್ಜಿದರು, ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಐದನೆಯದು ಮುಗಿಯಿತು, ಆರನೆಯದೂ ಮುಗಿಯಿತು. ಆರರ ನಂತರ ಮೂರನೆಯ ವಾರ ಡಾಕ್ಟರು ಸಾವಂತ್ರಮ್ಮನನ್ನು ಮಲಗಿಸಿ ಎದೆಯನ್ನು, ಕಂಕುಳನ್ನು ಬಹಳ ಹೊತ್ತು ಒತ್ತಿ ನೋಡಿದರು. ಅವರ ಕಣ್ಣುಗಳು ಮಾಸ್ಕಿನ ಮೇಲೆ ನಕ್ಕವು. ‘ನನ್ನ ಕೈಗೆ ಏನೂ ಸಿಗ್ತಿಲ್ಲ’ ಎಂದರು. ನಾನು ಖುಷಿಯಿಂದ ಸಾವಂತ್ರಮ್ಮನ ಕಡೆ ತಿರುಗಿ, ‘ಕೇಳಿದ್ಯಾ! ಗಂಟು ಹೋಯ್ತು!’ ಎಂದೆ.

ಅವಳು ಎದ್ದು ಕೂತು ಸೆರಗು ಸರಿಮಾಡಿಕೊಂಡಳು. ಮುಖದಲ್ಲಿ ನಗುವಿರಲಿಲ್ಲ. ‘ನೀನು ಹೇಳಿದ್ರೆ ನಂಬಲ್ಲ’ ಎಂದಳು. ‘ಡಾಕ್ಟರಮ್ಮ ಒಳ್ಳೇವರು. ಆದ್ರೆ ನೀನು ಆಣೆ ಮಾಡಿದಾಗ ಅವರೂ ಪಕ್ಕದಲ್ಲಿದ್ರು. ಇಲ್ಲಿ ಬರೀ ಪರದೆ. ಮನೆಗೆ ಬಾ. ನಮ್ಮ ಬಾಗಿಲ ಮುಂದೆ ನಿಂತು ಹೇಳು.’ ಡಾಕ್ಟರ ನಗು ನಿಂತುಹೋಯಿತು. ನಾನು ತಲೆ ತಗ್ಗಿಸಿ, ಆಗಲಿ ಎಂದೆ.

ಅಂದು ಸಂಜೆ ಐದಕ್ಕೆ ಹೋದೆ. ಗಂಡ ಹೆಂಡತಿ ಇಬ್ಬರೂ ಪಡಸಾಲೆಯಲ್ಲಿ ಕಾಯುತ್ತಿದ್ದರು. ನಾನು ಬಾಗಿಲ ಮುಂದೆ ನಿಂತೆ. ಮಾಸ್ಕು ಸರಿಮಾಡಿಕೊಂಡೆ.

‘ಸಾವಂತ್ರಮ್ಮನ ಕಾಯಿಲೆ ಪೂರ್ತಿ ವಾಸಿಯಾಯ್ತು. ಹೇಳೋಕೆ ಬಂದಿದ್ದೆ, ಈಗ ನನ್ನ ಮನೆಗೆ ಹೋಗ್ತೀನಿ’ ಎಂದೆ.

ಬಾಗಿಲು ಅಲ್ಲಾಡಲಿಲ್ಲ.

ರುದ್ರಯ್ಯನ ಕೈ ಗೋಡೆಯ ಮೇಲೆ ಜಾರಿದ ಸದ್ದು ಕೇಳಿತು. ತಿರುಗಿ ನೋಡಿದೆ. ಸಾವಂತ್ರಮ್ಮ ಬಾಗಿಲನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಿಂದ ರಕ್ತ ಇಳಿದಿತ್ತು. ಮತ್ತೆ ಬಂದಿದೆಯೇ? ಡಾಕ್ಟರ ಕೈ ತಪ್ಪಿತೇ? ಆ ಕ್ಷಣ ನಾನು ಸತ್ತು ಹುಟ್ಟಿದೆ. ಆಮೇಲೆ ಹೊಳೆಯಿತು. ಡಾಕ್ಟರು ವಾಸಿಯಾಯಿತು ಎಂದು ಹೇಳಿಯೇ ಇರಲಿಲ್ಲ. ಅದು ನಾನು ಸೇರಿಸಿದ್ದು. ಹುಟ್ಟುಗುಣ ಸುಟ್ಟರೂ ಹೋಗದು. ಸಮಾಧಾನ ಮಾಡುವ ಆತುರದಲ್ಲಿ ಹತ್ತು ಸೇರನ್ನು ಹದಿನೈದು ಸೇರೆಂದು ಅಳೆದುಬಿಟ್ಟಿದ್ದೆ. ಮತ್ತೆ ಬಾಗಿಲ ಕಡೆ ತಿರುಗಿ, ಮಾತು ಮಾತನ್ನೂ ತೂಗಿ ಹೇಳಿದೆ.

‘ಸಾವಂತ್ರಮ್ಮನ ಎದೇಲಿ ಡಾಕ್ಟರ ಕೈಗೆ ಇವತ್ತು ಗಂಟು ಸಿಕ್ಕಿಲ್ಲ. ಔಷಧಿ ಚೆನ್ನಾಗಿ ಕೆಲಸ ಮಾಡಿದೆ. ಮುಂದಿನ ತಿಂಗಳು ಆಪರೇಷನ್ ಇದೆ. ಅದಾದ ಮೇಲೆ ಮೂರು ಮೂರು ತಿಂಗಳಿಗೆ ತೋರಿಸ್ಬೇಕು. ನನಗೆ ಗೊತ್ತಿರೋದು ಇಷ್ಟೇ. ಇದನ್ನ ಹೇಳೋಕೆ ಬಂದಿದ್ದೆ, ಈಗ ಮನೆಗೆ ಹೋಗ್ತೀನಿ.’

ಬಾಗಿಲು ಸದ್ದಿಲ್ಲದೆ ಪೂರ್ತಿ ತೆರೆದುಕೊಂಡಿತು. ಬೀದಿಯ ಬಿಸಿಲು ಪಡಸಾಲೆಯ ಅರ್ಧದವರೆಗೆ ಬಂತು. ರುದ್ರಯ್ಯ ಗೋಡೆಗೆ ಮುಖ ಒತ್ತಿಕೊಂಡು ಅಳತೊಡಗಿದ. ಸಾವಂತ್ರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಚಾಪೆಯ ಮೇಲೆ ಕೂತಳು.

‘ಎಷ್ಟಿದೆಯೋ ಅಷ್ಟೇ ಹೇಳೋಕೆ ನಿನಗೇನಮ್ಮ ರೋಗ?’ ಎಂದಳು. ‘ಜೀವ ಬಾಯಿಗೆ ಬಂದಿತ್ತು. ಇಷ್ಟು ಸಾಕು ನನಗೆ. ಇಷ್ಟನ್ನೇ ಹೇಳಿದ್ರೂ ಸಾಕಾಗಿತ್ತು.’

ಬಾಗಿಲು ತೆರೆದೇ ಇತ್ತು, ನನಗೆ ಹೊರಗೆ ಹೋಗುವ ನೆನಪೇ ಆಗಲಿಲ್ಲ. ಹಿಂದಿರುಗಿ ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಕುಸಿದೆ.

‘ದೂರ, ದೂರ!’ ಎಂದು ಅವಳು ಕೂಗಿದಳು. ‘ನರ್ಸಾಗಿದ್ದೀಯ, ಆರು ಅಡಿ ಅಂತ ಊರಿಗೆಲ್ಲ ಹೇಳ್ತೀಯ!’

ನಾನು ಚಾಪೆಯ ಇನ್ನೊಂದು ತುದಿಗೆ ಸರಿದೆ. ಅಲ್ಲಿಂದಲೇ ಇಬ್ಬರೂ ಬಹಳ ಹೊತ್ತು ನಕ್ಕೆವು.